ಅತ್ತಿಯ ತಲೆಯ ಮೇಲಿನ ತುಳಸಿ

ಕಳೆದ ವಾರ ಖಾನಾಪುರದಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಕಿಟಕಿಯ ಗಾಜು ಅರ್ಧಕ್ಕೆ ಸಿಕ್ಕಿಹಾಕಿಕೊಂಡಿತ್ತು, ಎಷ್ಟು ಎಳೆದರೂ ಮುಚ್ಚಲಿಲ್ಲ. ಪ್ರಭುನಗರ ಇನ್ನೂ ಮುಂದಿರುವಾಗಲೇ ಮಳೆ ಶುರುವಾಯಿತು. ಮಳೆಯ ಜೊತೆ ಒಂದು ವಾಸನೆ ಒಳಗೆ ಬಂತು. ಮಳೆ ಬಿದ್ದ ನೀಲಗಿರಿ ಎಲೆಯ ವಾಸನೆ. ಬಾಜು ಕುಳಿತಿದ್ದ ಹೆಂಗಸು, "ಎಷ್ಟ ಛಲೋ ವಾಸ್ನಿ ನೋಡವಾ, ತಲಿನೋವ ಹೋದಂಗಾತು" ಅಂದಳು. ನಾನು ಹೂಂ ಅಂದೆ. ಆದರೆ ಎದುರು ಸೀಟಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಎಲ್ಲರಿಗೂ ಹಿತವಾಗುವ ಆ ವಾಸನೆ ನನಗೆ ಭಯದ ವಾಸನೆ. ಕೆಲವು ವರ್ಷಗಳ ಹಿಂದಿನ ಒಂದು ಮಳೆಗಾಲದ ಶುರುವಿನಲ್ಲಿ, ಇದೇ ಹಾದಿಯಲ್ಲಿ, ಒಂದು ದಿನ ನಡೆದಾಗಿನಿಂದ.

ನಡೆಯುವುದು ನನ್ನ ಹುಚ್ಚು. ಯಾರೂ ಕಲಿಸಿದ್ದಲ್ಲ. ಟಿಳಕವಾಡಿಯ ಒಂದು ಝೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಮೊಬೈಲಿನಲ್ಲಿ ಉಪಗ್ರಹ ಚಿತ್ರ ತೆರೆದು ಹಳೆಯ ಬಂಡಿದಾರಿ, ಕಾಲುದಾರಿ ಹುಡುಕುತ್ತ ಕೂರುತ್ತೇನೆ. ಮರಗಳ ನಡುವೆ ಕೂದಲೆಳೆಯಂಥ ಗೆರೆ ಕಂಡರೆ ಸಾಕು, ರವಿವಾರ ಅಲ್ಲಿಗೆ ಹೊರಟೆ ಅಂತ ತಿಳಿಯಿರಿ. ಕಾಲಿಗೆ ಗುಳ್ಳೆ ಏಳದಂತೆ ಏನು ಹಚ್ಚಬೇಕು, ಏರು ಹತ್ತುವಾಗ ಉಸಿರು ಹೇಗೆ ತೆಗೆದುಕೊಳ್ಳಬೇಕು, ಎಲ್ಲ ವಿಡಿಯೋ ನೋಡಿ ಕಲಿತದ್ದು. ಕಲಿತದ್ದನ್ನು ಕೇಳಿದವರಿಗೂ ಕೇಳದವರಿಗೂ ಹೇಳುವುದು ನನ್ನ ಚಾಳಿ. ಹಾಗಾಗಿ ಖಾನಾಪುರದ ಅತ್ತಿ ಫೋನ್ ಮಾಡಿ, "ಸವೀ, ಈ ಸಲ ನಾನೂ ದಿಂಡಿಗೆ ಹೊಂಟೇನವಾ" ಅಂದಾಗ ಅವಳಿಗಿಂತ ಹೆಚ್ಚು ಕುಣಿದದ್ದು ನಾನು.

ದಿಂಡಿ ಅಂದರೆ ಪಂಢರಪುರಕ್ಕೆ ನಡೆದು ಹೋಗುವ ವಿಠ್ಠಲನ ಭಕ್ತರ ಸಾಲು. ಅತ್ತಿಯ ಓಣಿಯಿಂದ ಆಷಾಢ ಏಕಾದಶಿಗೆ ಮುಟ್ಟುವ ಲೆಕ್ಕದಲ್ಲಿ ಪ್ರತಿ ವರ್ಷ ಒಂದು ಹೊರಡುತ್ತದೆ. ಮೊದಲ ದಿನದ ಹಾದಿಯೇ ಉದ್ದ. ಖಾನಾಪುರದಿಂದ ನಸುಕಿನಲ್ಲಿ ಹೊರಟು ಟಿಳಕವಾಡಿ ಮುಟ್ಟುವಾಗ ದೀಪ ಹಚ್ಚುವ ಹೊತ್ತು.

ಅತ್ತಿ ನನ್ನ ಅಪ್ಪನ ಅಕ್ಕ. ಮದುವೆಯಾಗಲಿಲ್ಲ, ಸುತ್ತಲಿನ ಹಳ್ಳಿಗಳಲ್ಲಿ ಅಂಗನವಾಡಿ ಟೀಚರ್ ಆಗಿದ್ದು ನಿವೃತ್ತಳಾದವಳು. ಓಣಿ ಪೂರ್ತಿ ಮರಾಠಿ ಮಂದಿ. ಎಷ್ಟೋ ವರ್ಷ ಅವರನ್ನು ಮಲಪ್ರಭೆಯ ಸೇತುವೆಯವರೆಗೆ ಕಳಿಸಿಕೊಟ್ಟು ಒಬ್ಬಳೇ ಮನೆಗೆ ತಿರುಗಿ ಬಂದಿದ್ದಳು. ಆ ವರ್ಷ ದಿಂಡಿಯ ತುಳಸಿ ಹೊರುತ್ತಿದ್ದ ಮುದುಕಿಗೆ ಮೊಣಕಾಲು ಹೋಗಿ, ಪಕ್ಕದ ಮನೆಯ ಸುಮನ್ ಕಾಕು ಅತ್ತಿಯನ್ನು ಕೇಳಿದ್ದಳು. ತುಳಸಿ ಅಂದರೆ ಗಿಡ ನೆಟ್ಟ ಸಣ್ಣ ಹಿತ್ತಾಳೆಯ ತುಳಸಿಕಟ್ಟೆ. ಒಬ್ಬ ಹೆಂಗಸು ಅದನ್ನು ತಲೆಯ ಮೇಲೆ ಹೊತ್ತು ನಡೆಯಬೇಕು. ಅತ್ತಿಗೆ ಅದು ಸಿಕ್ಕಿದ್ದು ಸಣ್ಣ ಮಾತಲ್ಲ.

ಅಪ್ಪ ಮಾತ್ರ ಸಿಟ್ಟಾದ. ಫೋನ್ ಸ್ಪೀಕರಿಗೆ ಹಾಕಿಸಿ ಜಗಳ ತೆಗೆದ.

"ಅಲ್ಲಕ್ಕ, ನಮ್ಮ ಮನಿಯಾಗ ಲಿಂಗ ಐತಿ. ಅದನ್ನ ಬಿಟ್ಟ ಪಂಢರಪುರ ಯಾಕ ನಿನಗ?"

"ಬಿಟ್ಟ ಎಲ್ಲಿ ಹೊಂಟೇನೋ? ಲಿಂಗ ಕೊರಳಾಗ ಐತಿ. ನಾ ಹೋದಲ್ಲಿ ಅದೂ ಬರ್ತೈತಿ."

"ಶುಗರ್? ಅದೂ ಬರ್ತೈತೆಲ್ಲ ಸಂಗತಿ?"

ಅತ್ತಿ ಬೆಳಿಗ್ಗೆ ಸಂಜೆ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದಳು. ಚುಚ್ಚಿಕೊಂಡು ಸರಿಯಾಗಿ ತಿನ್ನದಿದ್ದರೆ ಶುಗರ್ ಸರ್ರನೆ ಇಳಿಯುತ್ತಿತ್ತು. ಒಮ್ಮೆ ನಮ್ಮ ಅಡುಗೆಮನೆಯಲ್ಲೇ ಹಾಗಾಗಿತ್ತು. ನಾನು ಹಾಲು ಕಾಸುತ್ತಿದ್ದೆ. ಅತ್ತಿ ಬಾಗಿಲಲ್ಲಿ ನಿಂತು, ಕುತ್ತಿಗೆಯಿಂದ ಬೆವರು ಇಳಿಯುತ್ತಿರುವಾಗ, "ಯಾರ ಮಗಳವಾ ನೀ? ನಮ್ಮ ಮನ್ಯಾಗ ಏನ ಮಾಡಾಕತ್ತೀ?" ಅಂತ ಕೇಳಿದ್ದಳು. ದನಿ ಅವಳದೇ, ಮುಖ ಅವಳದೇ, ಒಳಗೆ ಅವಳಿರಲಿಲ್ಲ. ಸಕ್ಕರೆ ನೀರು ಕುಡಿಸಿದ ಮೇಲೆ ತಿರುಗಿ ಬಂದಳು, ಆಗಿದ್ದು ಏನೂ ನೆನಪಿರಲಿಲ್ಲ. ಆ ಹೊತ್ತಿನ ಅವಳ ಕಣ್ಣು ನನಗೆ ಬಹಳ ದಿನ ಕನಸಿನಲ್ಲಿ ಬರುತ್ತಿತ್ತು.

ಕಡೆಗೆ ಅಪ್ಪ ಒಂದು ಷರತ್ತು ಹಾಕಿದ. ಮೊದಲ ದಿನ ನಾನು ಅತ್ತಿಯ ಜೊತೆ ನಡೆಯಬೇಕು. ಟಿಳಕವಾಡಿಯಲ್ಲಿ ತಾನು ನೋಡುತ್ತಾನೆ. ನೆಟ್ಟಗಿದ್ದರೆ ಮುಂದೆ ಹೋಗಲಿ, ಇಲ್ಲದಿದ್ದರೆ ಮನೆಗೆ. ನನ್ನನ್ನು ಬೇರೆ ಕರೆದು ಹೇಳಿದ, "ಗ್ಲೂಕೋಸ್ ನಿನ್ನ ಚೀಲದಾಗ ಇರಲಿ. ಅಕಿ ಮ್ಯಾಲಿನ ಕಣ್ಣ ತಗೀಬ್ಯಾಡ."

ನಸುಕಿನಲ್ಲಿ ಓಣಿಯ ತುದಿಯಲ್ಲಿ ಎಲ್ಲರೂ ಸೇರಿದರು. ಮುಂದೆ ಕೇಸರಿ ಪತಾಕೆ, ಆಮೇಲೆ ತಾಳ ಹಿಡಿದ ಗಂಡಸರು, ನಡುವೆ ವೀಣೆ ಹಿಡಿದ ಬುವಾ. ಬುವಾ ಅಂದರೆ ದಿಂಡಿಯ ಹಿರಿಯರು, ತೆಳ್ಳಗಿನ ಮನುಷ್ಯ, ಮಾತು ಕಡಿಮೆ. ಅವರ ಹಿಂದೆ ಮೃದಂಗದ ಮಾರುತಿ ಕಾಕಾ. ಅವರ ಹಿಂದೆ ತುಳಸಿ, ತುಳಸಿಯ ಹಿಂದೆ ಹೆಂಗಸರು. ಸಾಮಾನು ತುಂಬಿದ ಟೆಂಪೊ ಪೀರನವಾಡಿಯ ಇಸ್ಮಾಯಿಲ್ ಮಾಮಾರದು. ಅದು ಡಾಂಬರು ರಸ್ತೆಯಲ್ಲೇ ಮುಂದೆ ಹೋಗಿ ಕಾಯುತ್ತಿತ್ತು.

ಸುಮನ್ ಕಾಕು ಅತ್ತಿಯ ತಲೆಯ ಮೇಲೆ ಸಿಂಬೆ ಇಟ್ಟು, ಅದರ ಮೇಲೆ ತುಳಸಿ ಕೂರಿಸುತ್ತ ನೇಮ ಹೇಳಿದಳು.

"ನೆಲಕ್ಕ ಇಡಂಗಿಲ್ಲ. ತಲಿಮ್ಯಾಲೆ ಇದ್ದಾಗ ಬಾಯಾಗ ಏನೂ ಹಾಕಂಗಿಲ್ಲ, ಕುಂದ್ರಂಗಿಲ್ಲ. ಸಾಕಾತಂದ್ರ ಹಿಂದಿನಾಕಿ ತಲಿಗೆ ತಲಿ ಹಚ್ಚಿ ದಾಟಸ್ರಿ. ಮಾತಾಡೂದು ಬ್ಯಾಡ, ಅಭಂಗ ನಡದಿರ್ತೈತಿ."

"ಅಷ್ಟ ಹೌದಲ್ಲ" ಅಂದಳು ಅತ್ತಿ. ತುಳಸಿ ಕೂತ ಕೂಡಲೇ ಅವಳ ಕುತ್ತಿಗೆ ನೆಟ್ಟಗಾಯಿತು. ಒಂದು ಕೈ ಮೇಲೆ, ಒಂದು ಕೈ ಸೊಂಟದ ಮೇಲೆ. ನಾನು ಅವಳನ್ನು ಅಷ್ಟು ಚೆಂದ ಎಂದೂ ನೋಡಿರಲಿಲ್ಲ. ಎರಡು ಕೈಯೂ ಬೇಕಲ್ಲ, ಅದಕ್ಕೆ ಅವಳ ಚೀಲ, ಮೊಬೈಲು, ಗ್ಲೂಕೋಸ್, ಎಲ್ಲ ನನ್ನ ಹೆಗಲಿಗೆ ಬಂತು.

ನಾನು ಬೂಟು, ಹೊಳೆಯುವ ಪಟ್ಟಿಯ ಜಾಕೀಟು, ಕೊರಳಿಗೆ ಸೀಟಿ ಹಾಕಿಕೊಂಡು ಬಂದಿದ್ದೆ. ಮಾರುತಿ ಕಾಕಾ ನೋಡಿ ನಕ್ಕರು. "ಏನ್ರವಾ, ದಿಂಡಿಗೆ ಬಂದೀರೋ, ಟ್ರಾಫಿಕ್ ಪೊಲೀಸ್ ಆಗೀರೋ?" ಮೊಬೈಲಿನಲ್ಲಿ ಹಾದಿಯ ಗೆರೆ ತೋರಿಸಿದೆ. "ಹೋ, ನಕಾಶಿ ಬಾಯಿ! ಇನ್ನ ಮ್ಯಾಲೆ ವಿಠ್ಠಲಗ ಚಿಂತಿಲ್ಲ" ಅಂದರು. ಆ ಹೆಸರೇ ನಿಂತಿತು. ಬುವಾ ಮಾತ್ರ ನಗದೆ ನನಗೊಂದು ಕೆಲಸ ಕೊಟ್ಟರು: ಸಾಲಿನ ಬಾಲದಲ್ಲಿ ಕೆಂಪು ಬಟ್ಟೆ ಹಿಡಿದು ನಡೆಯುವುದು. ಹೆದ್ದಾರಿಯಲ್ಲಿ ಹಿಂದಿನಿಂದ ಲಾರಿ ಬರುತ್ತವೆ. ಅತ್ತಿಯ ಬಾಜು ಇರಬೇಕಲ್ಲ ಅಂತ ಒಮ್ಮೆ ಅನಿಸಿತು. ಆದರೆ ಬಾಲದಿಂದ ನೋಡಿದರೆ ಎಲ್ಲರ ತಲೆಗಳಿಗಿಂತ ಮೇಲೆ ತುಳಸಿ ಕಾಣುತ್ತಿತ್ತು. ತುಳಸಿ ಕಂಡರೆ ಅತ್ತಿ ಕಂಡಂತೆ.

ಲಾರಿಗಳು ನನ್ನ ಮೊಣಕೈ ಸವರಿಕೊಂಡು ಹೋದಂತೆ ಹೋಗುತ್ತಿದ್ದವು. ಪ್ರತಿಸಲ ಹಿಂದೆ ತಿರುಗಿ ಬಟ್ಟೆ ಬೀಸುವುದು, ಮುಂದೆ ತಿರುಗಿ ತುಳಸಿ ನೋಡುವುದು. ಮೊದಲ ಊರಿನಲ್ಲಿ ಚಹಾಕ್ಕೆ ನಿಂತಾಗ ಅತ್ತಿ ತುಳಸಿಯನ್ನು ಇನ್ನೊಬ್ಬಳಿಗೆ ದಾಟಿಸಿ, ನಾನು ಕೊಟ್ಟ ಅವಲಕ್ಕಿಯನ್ನು ನಾಲ್ಕು ತುತ್ತು ತಿಂದು ಡಬ್ಬಿ ಮುಚ್ಚಿದಳು.

"ಇನ್ನೊಂಚೂರ ತಿನ್ನ ಅತ್ತಿ."

"ಹೊಟ್ಟಿ ತುಂಬೇತಿ. ತುಂಬಿದ ಹೊಟ್ಟಿಲೆ ತುಳಸಿ ಹೊರಾಕ ಆಗೂದಿಲ್ಲ, ಉಸಿರ ಹತ್ತತೈತಿ."

ಇಂಜೆಕ್ಷನ್ ಪೂರ್ತಿ ಚುಚ್ಚಿಕೊಂಡಿದ್ದಳು, ಊಟ ಅರ್ಧ. ನನಗೆ ಅಳುಕಾಯಿತು. ಹೊರಡುವಾಗ ಬುವಾ ದಿಂಡಿಯ ಹಾಜರಿ ತೆಗೆದುಕೊಂಡರು. ಅವರ ಹಾಜರಿ ಬೇರೆಯೇ. "ಪತಾಕಾ ಬಂತಾ? ವೀಣಾ ಐತಿ. ತುಳಸಿ ಬಂತಾ? ಬಂತು. ಆತು, ಎಲ್ಲಾರೂ ಬಂದಂಗ. ನಡೀರಿ." ಮಂದಿಯನ್ನು ಎಣಿಸುವ ಪದ್ಧತಿಯೇ ಇರಲಿಲ್ಲ. ಈ ಮೂರು ಬಂದರೆ ದಿಂಡಿ ಬಂದಂತೆ.

ಚಹಾದಂಗಡಿಯವನು ಇನ್ನೊಂದು ಮಾತು ಹೇಳಿದ. ಒಳಹಾದಿಯ ತೋಪಿನಲ್ಲಿ ಕರಡಿ ಓಡಾಡುತ್ತಿದೆ, ಹಲಸಿನ ಹಣ್ಣಿನ ವಾಸನೆಗೆ ಬಂದಿದೆ, ಮೊನ್ನೆ ಒಬ್ಬನ ಮುಖ ಕೆರೆದಿದೆ, ಅವನಿನ್ನೂ ಆಸ್ಪತ್ರೆಯಲ್ಲಿದ್ದಾನೆ. "ಒಬ್ಬೊಬ್ಬರೇ ಹಿಂದ ಉಳೀಬ್ಯಾಡ್ರಿ, ಗದ್ಲಾ ಮಾಡ್ಕೊಂತ ಹೋಗ್ರಿ."

ಒಳಹಾದಿ ಅಂದರೆ ಹಳೆಯ ಬಂಡಿದಾರಿ. ಲಾರಿಗಳ ಕಾಟಕ್ಕೆ ದಿಂಡಿ ಅಲ್ಲಿ ಹೆದ್ದಾರಿ ಬಿಟ್ಟು ನೀಲಗಿರಿ ತೋಪಿನೊಳಗೆ ಇಳಿದು, ಒಂದು ಹಳ್ಳ ದಾಟಿ, ದೇಸೂರಿನ ಕಡೆ ಮೇಲೇಳುತ್ತದೆ. ಉಪಗ್ರಹ ಚಿತ್ರದಲ್ಲಿ ಆ ಗೆರೆಯನ್ನು ಎಷ್ಟೋ ಸಲ ನೋಡಿದ್ದೆ. ಕಾಲಿಟ್ಟ ಕೂಡಲೇ ಖುಷಿಪಡಬೇಕಿತ್ತು. ಆದರೆ ಅಷ್ಟರಲ್ಲಿ ಆಕಾಶ ಕಪ್ಪಾಯಿತು. ಮಳೆ ಶುರುವಾಗಿದ್ದಲ್ಲ, ಸುರುವಿದ್ದು. ಎಲ್ಲರೂ ಒಂದೇ ಅಂಗಡಿಯಿಂದ ತಂದಿದ್ದ ನೀಲಿ ಪ್ಲಾಸ್ಟಿಕ್ ಹಾಳೆಯನ್ನು ಮೈಮೇಲೆ ಎಳೆದುಕೊಂಡರು. ಗಳಿಗೆಯಲ್ಲಿ ಮುಖಗಳೆಲ್ಲ ಮಾಯ. ನೀಲಿ ಗುಪ್ಪೆಗಳ ಸಾಲು, ಅದರ ಮೇಲೆ ಹಸಿರು ತುಳಸಿ. ನೀಲಗಿರಿಯ ವಾಸನೆ ಮೂಗಿಗೆ ಅಡರಿತು.

ಬುವಾ ಸಾಲು ನಿಲ್ಲಿಸಿ ನನ್ನನ್ನು ಕರೆದರು. "ಮಗಳ, ಮುಂದ ಓಡಿ ಹೋಗಿ ಹಳ್ಳಕ್ಕ ನೀರ ಎಷ್ಟ ಬಂದೈತಿ ನೋಡಿ ಬಾ. ಮಾರುತಿ, ನೀನೂ ಹೋಗ." ಓಡಿದೆವು. ನೀರು ಕೆಂಪಾಗಿತ್ತು, ಮೊಣಕಾಲಿಗಿಂತ ಕೆಳಗೆ. ತಿರುಗಿ ಬರುವಷ್ಟರಲ್ಲಿ ದಿಂಡಿ ಮತ್ತೆ ಹೊರಟು ಎದುರೇ ಬರುತ್ತಿತ್ತು. ಬದಿಗೆ ನಿಂತು ಅದನ್ನು ಮುಂದೆ ಬಿಟ್ಟೆ. ತುಳಸಿ ನನ್ನ ಮುಂದೆ ಹಾಯುವಾಗ ಕೂಗಿದೆ, "ಅತ್ತಿ, ಆರಾಮದೀಯಿಲ್ಲ?" ತಾಳದ ಸದ್ದಿನಲ್ಲಿ ಉತ್ತರ ಬರಲಿಲ್ಲ. ಪ್ಲಾಸ್ಟಿಕ್ಕಿನ ಒಳಗಿಂದ ಒಂದು ಕೈ ಹೊರಗೆ ಬಂದು, ನಡಿ ನಡಿ ಅನ್ನುವಂತೆ ಆಡಿತು. ನನಗೆ ಜೀವ ತಣ್ಣಗಾಯಿತು. ಬಾಲಕ್ಕೆ ಹೋಗಿ ಸೇರಿಕೊಂಡೆ.

ಹಳ್ಳ ದಾಟಿದೆವು. ಬಂಡಿದಾರಿ ಎರಡಾಗಿ ಒಡೆಯುವಲ್ಲಿ ಬಲಕ್ಕೆ ಹೊರಳಿದೆವು. ಹಿಂದೆ ಏನೋ ಬರುತ್ತಿದೆ ಅನ್ನಿಸಿ ಆಗಾಗ ತಿರುಗುತ್ತಿದ್ದೆ. ಬರೀ ಬಿಳಿ ಕಾಂಡಗಳು, ಅವುಗಳ ನಡುವೆ ಮಳೆ. ನನ್ನ ಭಯ ಪೂರ್ತಿ ಕರಡಿಯದು. ಮುಂದೆ ನೋಡಿದರೆ ತುಳಸಿ ಅಲುಗದೆ ಹೋಗುತ್ತಿತ್ತು. ಅತ್ತಿ ಎಷ್ಟು ಗಟ್ಟಿ ಇದ್ದಾಳೆ ನೋಡು, ಅಪ್ಪನಿಗೆ ಹೇಳಬೇಕು, ಅಂದುಕೊಂಡೆ.

ತೋಪು ಮುಗಿದು ಹೊಲಗಳು ಬಂದಾಗ ಮಳೆಯೂ ಸಣ್ಣದಾಯಿತು. ಅಲ್ಲೊಂದು ಬೇವಿನ ಗಿಡದ ಕೆಳಗೆ ವಿಶ್ರಾಂತಿ. ಬುವಾ ಹಾಜರಿ ತೆಗೆದುಕೊಂಡರು. ಪತಾಕೆ, ವೀಣೆ, ತುಳಸಿ. "ಎಲ್ಲಾರೂ ಬಂದ್ರು." ನಾನು ಗ್ಲೂಕೋಸಿನ ಪೊಟ್ಟಣ ಬಿಚ್ಚಿಕೊಂಡೇ ಮುಂದೆ ಹೋದೆ. ತುಳಸಿ ಹೊತ್ತವಳು ನನಗೆ ಬೆನ್ನು ಮಾಡಿ ನಿಂತು ಒಂದು ಕೈಯಿಂದ ಪ್ಲಾಸ್ಟಿಕ್ ಸರಿಸುತ್ತಿದ್ದಳು. "ಅತ್ತಿ" ಅಂತ ಹೆಗಲು ಮುಟ್ಟಿದೆ.

ಸುಮನ್ ಕಾಕು ತಿರುಗಿದಳು.

"ಕಾಕು, ಅತ್ತಿ ಎಲ್ಲಿ?"

"ನಿನ್ನ ಹತ್ರ ಅದಾರಲ್ಲ, ಹಿಂದ?"

"ನನ್ನ ಹತ್ರ ಇಲ್ಲ!"

"ಅಯ್ಯ ದೇವಾ… ಹಳ್ಳದ ಆ ಕಡೆ, ನೀವು ನೀರ ನೋಡಾಕ ಹೋದಾಗ, ನನ್ನ ತಲಿಮ್ಯಾಲೆ ದಾಟಿಸಿ ಗಿಡದ ಮರಿಗೆ ಹೋದ್ರು. ಕೈ ಸನ್ನಿ ಮಾಡಿದ್ರು, ಬರ್ತೇನಿ ನಡೀರಿ ಅಂತ. ಬಾಲಕ್ಕ ಬಂದ ಕೂಡ್ಕೋತಾರ, ನೀ ಇರ್ತೀಯಲ್ಲಾ ಅಂತ ನಾ…" ಅವಳ ತಲೆಯ ಮೇಲಿನ ತುಳಸಿ ವಾಲಿತು. ಇನ್ನೊಬ್ಬ ಹೆಂಗಸು ಓಡಿ ಬಂದು ಅದನ್ನು ತನ್ನ ತಲೆಗೆ ತೆಗೆದುಕೊಂಡಳು.

ಬದಿಗೆ ನಿಂತು ದಿಂಡಿಯನ್ನು ಮುಂದೆ ಬಿಟ್ಟ ಜಾಗದಿಂದ ಅತ್ತಿ ಬಹುಶಃ ಒಂದು ಕೂಗಿನಷ್ಟು ದೂರದಲ್ಲಿದ್ದಳು. ನಾನು ಅವಳಿಗೆ ಬೆನ್ನು ಹಾಕಿ, ಬೇರೆಯವಳ ತಲೆಯ ಮೇಲಿನ ಹಿತ್ತಾಳೆ ನೋಡುತ್ತ ಇಷ್ಟು ದೂರ ಬಂದಿದ್ದೆ. ಅವಳ ಮೊಬೈಲು ನನ್ನ ಚೀಲದಲ್ಲಿ. ಗ್ಲೂಕೋಸ್ ನನ್ನ ಕೈಯಲ್ಲಿ. ಹೊಟ್ಟೆಯಲ್ಲಿ ನಾಲ್ಕು ತುತ್ತು ಅವಲಕ್ಕಿ, ಮೈಯಲ್ಲಿ ಪೂರ್ತಿ ಇಂಜೆಕ್ಷನ್. ತೋಪಿನಲ್ಲಿ ಕರಡಿ.

ಬುವಾ ತಾಳ ನಿಲ್ಲಿಸಲು ಕೈಯೆತ್ತಿದರು. ನಸುಕಿನಿಂದ ಕಿವಿಯಲ್ಲಿದ್ದ ಸದ್ದು ಒಮ್ಮೆಲೇ ನಿಂತಿತು.

"ದಿಂಡಿ ಹಿಂದ ತಿರುಗೂದಿಲ್ಲ" ಅಂತ ಯಾರೋ ಮೆಲ್ಲಗೆ ಹೇಳಿದರು. ಅದು ಅವರ ಪದ್ಧತಿ. ಪತಾಕೆಯ ಮುಖ ಪಂಢರಪುರದ ಕಡೆಗೇ ಇರಬೇಕು.

"ಗೊತ್ತೈತಿ" ಅಂದರು ಬುವಾ. "ಪತಾಕಾ, ವೀಣಾ, ತುಳಸಿ ಇಲ್ಲೇ ನಿಲ್ಲತಾವ, ಮಾರಿ ಮುಂದ ಮಾಡಿ. ನಾನೂ ನಿಲ್ಲತೇನಿ. ತಾಳ ಹಿಂದ ಹೋಗ್ಲಿ. ಮಾರುತಿ, ಎಲ್ಲಾರ್ನೂ ಕರ್ಕೊಂಡ ಹೋಗ, ಬಾರಿಸ್ಕೊಂತ ಹೋಗ್ರಿ. ಕರಡಿ ಇದ್ರ ದೂರ ಹೋಗ್ತೈತಿ, ಅವ್ವ ಇದ್ರ ಹತ್ರ ಬರ್ತಾಳ." ಡಾಂಬರು ರಸ್ತೆಯ ಕಡೆ ನೋಡಲು ಇಸ್ಮಾಯಿಲ್ ಮಾಮಾರಿಗೆ ಫೋನ್ ಹೋಯಿತು. "ಖಾನಾಪುರತನಾ ನೋಡ್ಕೊಂತ ಹೋಗ್ತೀನಿ. ನೀ ಅಳಬ್ಯಾಡ ಬೇಟಾ" ಅಂದರು ಅವರು. ಅಲ್ಲಿಯವರೆಗೆ ನಾನು ಅಳುತ್ತಿದ್ದೇನೆ ಅಂತ ನನಗೇ ಗೊತ್ತಿರಲಿಲ್ಲ.

ಬಂದ ಹಾದಿಯಲ್ಲೇ ತಿರುಗಿ ನಡೆದೆವು, ಅರ್ಧ ಓಡಿದೆವು. ತಾಳ ಹೊಡೆಯುತ್ತ ಹೋಗುವುದು, ಮಾರುತಿ ಕಾಕಾ ಕೈಯೆತ್ತಿದ ಕೂಡಲೇ ಎಲ್ಲರೂ ನಿಲ್ಲಿಸಿ ಕಿವಿಗೊಡುವುದು. ಆ ಕಿವಿಗೊಡುವ ಹೊತ್ತೇ ಕೆಟ್ಟದ್ದು. ಎಲೆಯಿಂದ ಹನಿ ಬೀಳುವ ಸದ್ದು, ನಮ್ಮದೇ ಉಸಿರು. "ಅತ್ತೀ" ಅಂತ ಕೂಗಿದರೆ ನನ್ನ ದನಿ ಕಾಂಡಗಳ ನಡುವೆ ಎಲ್ಲೋ ಹೋಗಿ ಸತ್ತುಹೋಗುತ್ತಿತ್ತು. ಒಮ್ಮೆ ಬಲಗಡೆ ಪೊದೆ ಅಲುಗಾಡಿತು. ಏನೋ ಕಪ್ಪಗೆ, ಭಾರವಾಗಿ ಸರಿಯಿತು. ಪೊದೆ ಸೀಳಿಕೊಂಡು ಒಂದು ಎಮ್ಮೆ ಹೊರಬಂದು ನಮ್ಮನ್ನು ನೋಡಿತು. ಬೇರೆ ದಿನವಾಗಿದ್ದರೆ ಮಾರುತಿ ಕಾಕಾ ಅದಕ್ಕೂ ಒಂದು ಹೆಸರಿಡುತ್ತಿದ್ದರು. ಅವತ್ತು ಹಣೆಯ ಬೆವರು ಒರೆಸಿಕೊಂಡು, "ಬಾರಿಸ್ರಿ" ಅಂದರು ಅಷ್ಟೇ.

ಹಾದಿ ಒಡೆಯುವ ಜಾಗಕ್ಕೆ ಬಂದೆವು. ನಾವು ಬಂದ ಬಲದ ಹಾದಿಯ ಕೆಂಪು ರಾಡಿಯಲ್ಲಿ ನೂರಾರು ಹೆಜ್ಜೆ. ಎಡದ ಹಾದಿಯಲ್ಲಿ ಒಂದೇ ಜೋಡಿ ಚಪ್ಪಲಿಯ ಗುರುತು. ಸಣ್ಣ ಪಾದ. ಒಂದು ಕಾಲು ಎಳೆದಂತಿತ್ತು.

"ಈ ದಾರಿ ಎಲ್ಲಿ ಹೋಗ್ತೈತಿ, ನಕಾಶಿ ಬಾಯಿ?" ಮಾರುತಿ ಕಾಕಾ ಕೇಳಿದರು. ಈ ಸಲ ಚೇಷ್ಟೆಗಲ್ಲ.

ನೋಡದೆಯೇ ನನಗೆ ಗೊತ್ತಿತ್ತು. ರೈಲು ಹಳಿ ದಾಟಿ ಆಚೆ ಒಂದು ಊರಿಗೆ ಹೋಗುತ್ತದೆ. ಅತ್ತಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಂಗನವಾಡಿ ಇದ್ದದ್ದು ಆ ಊರಲ್ಲಿ. ಹಳಿ ದಾಟಿ ನಡೆದು ಹೋಗುತ್ತಿದ್ದೆ ಅಂತ ಎಷ್ಟೋ ಸಲ ಹೇಳಿದ್ದಳು. ಶುಗರ್ ಇಳಿದ ತಲೆಗೆ ಇವತ್ತಿನ ದಾರಿ ಮರೆತಿದೆ, ಕಾಲಿಗೆ ಹಳೆಯ ದಾರಿ ನೆನಪಿದೆ.

"ಹಳಿ" ಅಂದೆ. ಅಷ್ಟು ಹೇಳುವಷ್ಟರಲ್ಲಿ ದೂರ ಎಲ್ಲೋ ರೈಲು ಕೂಗಿತು.

ಆಮೇಲಿನ ಓಟ ನನಗೆ ತುಂಡು ತುಂಡಾಗಿ ನೆನಪಿದೆ. ಬೂಟಿನೊಳಗೆ ನೀರು. ಕೊರಳ ಸೀಟಿ ಹಲ್ಲಿಗೆ ಬಡಿಯುತ್ತಿದ್ದದ್ದು. ಹಿಂದೆ ತಾಳಗಳು ಲಯ ತಪ್ಪಿ ಹೇಗೆ ಬೇಕೋ ಹಾಗೆ ಗಲಗಲ ಅನ್ನುತ್ತಿದ್ದದ್ದು. ತೋಪು ಒಮ್ಮೆಲೇ ಮುಗಿದು ದಿಬ್ಬ ಕಂಡಿತು, ದಿಬ್ಬದ ಮೇಲೆ ಹಳಿ, ಹಳಿಗಳ ನಡುವೆ ಅತ್ತಿ.

ನಮಗೆ ಬೆನ್ನು ಮಾಡಿ ಹೋಗುತ್ತಿದ್ದಳು. ಅವಸರವಿಲ್ಲ. ಪ್ಲಾಸ್ಟಿಕ್ ಎಲ್ಲೋ ಬಿದ್ದುಹೋಗಿತ್ತು, ಸೀರೆ ಮೈಗೆ ಅಂಟಿತ್ತು. ಕುತ್ತಿಗೆ ನೆಟ್ಟಗೆ. ಒಂದು ಕೈ ಸೊಂಟದ ಮೇಲೆ, ಒಂದು ಕೈ ತಲೆಯ ಮೇಲೆ. ಆ ಕೈ ಏನನ್ನೋ ಹಿಡಿದುಕೊಂಡಿತ್ತು. ಅಲ್ಲಿ ಏನೂ ಇರಲಿಲ್ಲ.

"ಅತ್ತೀ!"

ತಿರುಗಲಿಲ್ಲ. ರೈಲು ಮತ್ತೆ ಕೂಗಿತು, ಈ ಸಲ ಹತ್ತಿರ. ನಾನೂ ಮಾರುತಿ ಕಾಕಾರೂ ಜಲ್ಲಿಕಲ್ಲು ಜಾರುತ್ತ ಮೇಲೆ ಹತ್ತಿ ಆಚೀಚೆ ತೋಳು ಹಿಡಿದೆವು. ಮೈ ಮಂಜಿನಂತೆ ತಣ್ಣಗಿತ್ತು, ಮಳೆಯಲ್ಲೂ ಬೆವರು ಬೇರೆಯಾಗಿ ಕಾಣುತ್ತಿತ್ತು. ನನ್ನ ಕಡೆ ತಿರುಗಿದಳು. ಅಡುಗೆಮನೆಯ ಆ ದಿನದ ಕಣ್ಣು.

"ಸಾವಕಾಶ ಹಿಡೀರಿ" ಅಂದಳು, ನಾಲಿಗೆ ತೊದಲುತ್ತಿತ್ತು. "ಬೀಳ್ತೈತಿ. ಯಾರ ಮಗಳ ನೀ?"

ಹೆಚ್ಚುಕಡಿಮೆ ಎತ್ತಿಕೊಂಡೇ ದಿಬ್ಬ ಇಳಿಸಿದೆವು. ಆಗಲೂ ಕೈ ತಲೆಯಿಂದ ಇಳಿಸಲಿಲ್ಲ. ಗೂಡ್ಸ್ ಗಾಡಿ ನಮ್ಮ ಮೇಲಿಂದಲೇ ಹೋದಂತೆ ಹೋಯಿತು. ಒಂದೊಂದು ಡಬ್ಬಿ ಹೋದಾಗಲೂ ನನ್ನ ಹಲ್ಲು ಕಟಕಟ ಅಂದವು. ಅದು ಮುಗಿದ ಮೇಲೆ ಅತ್ತಿಯನ್ನು ಕೂರಿಸಲು ನೋಡಿದೆ. ಮೊಣಕಾಲು ನಡುಗುತ್ತಿತ್ತು, ಆದರೆ ಬಗ್ಗಲೊಲ್ಲಳು. ಗ್ಲೂಕೋಸ್ ಬಾಯಿಯ ಹತ್ತಿರ ತಂದರೆ ತುಟಿ ಬಿಗಿದು ಮುಖ ತಿರುಗಿಸಿದಳು.

"ತಿನ್ನಂಗಿಲ್ಲ. ಕುಂದ್ರಂಗಿಲ್ಲ. ತಲಿಮ್ಯಾಲೆ ಐತಿ, ಕಾಣೂದಿಲ್ಲೇನ?"

"ಅತ್ತಿ, ತುಳಸಿ ಇಲ್ಲ ಅಲ್ಲಿ! ಸುಮನ್ ಕಾಕು ಹತ್ರ ಐತಿ!"

"ಸುಳ್ಳ ಹೇಳ್ತಾಳ ಇಕಿ" ಅಂತ ಮಾರುತಿ ಕಾಕಾರಿಗೆ ದೂರು ಹೇಳಿದಳು. ಕಣ್ಣಾಲಿ ಮೇಲೆ ಹೋಗತೊಡಗಿತು. ನಾನು ದವಡೆ ಹಿಡಿದು ಬಾಯಿ ತೆರೆಸಲು ಹೋದೆ.

"ಬಲವಂತ ಮಾಡಬ್ಯಾಡ" ಅಂದರು ಕಾಕಾ. "ಗಂಟಲಕ್ಕ ಸಿಕ್ಕರ ಮತ್ತ ಬ್ಯಾರೇನ ಆದೀತು." ಸುತ್ತ ನಿಂತವರ ತಾಳಗಳು ಕೈಯಲ್ಲಿ ಸುಮ್ಮನೆ ಜೋತಾಡುತ್ತಿದ್ದವು. ಏನು ಮಾಡಬೇಕು ಅಂತ ಯಾರಿಗೂ ಗೊತ್ತಿರಲಿಲ್ಲ. ನಾನು ನೋಡಿದ್ದ ಯಾವ ವಿಡಿಯೋದಲ್ಲೂ ಇದು ಇರಲಿಲ್ಲ.

ಪೊಟ್ಟಣವನ್ನು ಕಾಕಾರ ಕೈಗೆ ಕೊಟ್ಟೆ. ಅತ್ತಿಯ ಹಿಂದೆ ಹೋಗಿ ನಿಂತೆ. ನನ್ನ ಹಣೆಯನ್ನು ಅವಳ ತಲೆಯ ಹಿಂಭಾಗಕ್ಕೆ ಹಚ್ಚಿದೆ. ಮಾತಾಡಲಿಲ್ಲ. ಎರಡೂ ಕೈಯೆತ್ತಿ ಅವಳ ತಲೆಯ ಮೇಲಿನ ಖಾಲಿ ಜಾಗವನ್ನು ಹಿಡಿದೆ.

ಅತ್ತಿ ಕೊಂಚ ತಡೆದಳು. ಮೈಯೆಲ್ಲ ಕಂಪಿಸುತ್ತಿದ್ದರೂ ಕುತ್ತಿಗೆ ಅಲುಗಿಸದೆ, ಕಾದಳು. ಆಮೇಲೆ ಅವಳ ಬೆರಳು ನನ್ನ ಬೆರಳನ್ನು ತಡವಿ ನೋಡಿತು, ಸರಿಯಾಗಿ ಹಿಡಿದಿದ್ದಾಳೋ ಇಲ್ಲವೋ ಅಂತ. ತಲೆಗೆ ತಲೆ ಹಚ್ಚಿ ದಾಟಿಸಿದಳು. ನಾನು ನಿಧಾನವಾಗಿ ತೆಗೆದುಕೊಂಡು ನನ್ನ ತಲೆಯ ಮೇಲೆ ಇಟ್ಟುಕೊಂಡೆ. ಅವಳ ಕೈ ಆಗ ಕೆಳಗೆ ಬಂತು. ಒಮ್ಮೆಲೇ ಕುಸಿದಳು, ಕಾಕಾ ಹಿಡಿದು ಕೂರಿಸಿದರು. ಗ್ಲೂಕೋಸ್ ತುಟಿಗೆ ತಂದರೆ ಮಗುವಿನ ಹಾಗೆ ಬಾಯಿ ತೆರೆದಳು.

ಒಂದು ಚಿಟಿಕೆ, ಇನ್ನೊಂದು ಚಿಟಿಕೆ. ಆಮೇಲೆ ನೀರಿನಲ್ಲಿ ಕಲಸಿದ್ದು. ಅವಳು ಅಗಿಯುತ್ತ, ನುಂಗುತ್ತ, ನನ್ನ ಮೇಲೆ ಕಣ್ಣಿಟ್ಟೇ ಇದ್ದಳು. "ನೆಟ್ಟಗ ನಿಂದ್ರ" ಅಂತ ಗದರಿಸಿದಳು. ನಾನು ನೆಟ್ಟಗೆ ನಿಂತೆ. ಎರಡೂ ಕೈ ತಲೆಯ ಮೇಲೆ. ಮಳೆ ಮೊಣಕೈಯಿಂದ ಇಳಿದು ಕಂಕುಳಿಗೆ ಹೋಗುತ್ತಿತ್ತು. ಸುತ್ತ ಅಷ್ಟು ಜನ ಗಂಡಸರು, ಒಬ್ಬರೂ ನಗಲಿಲ್ಲ. ಕೈ ಇಳಿಸಿದರೆ ಅವಳು ಮತ್ತೆ ಎದ್ದು ಹಳಿಯ ಕಡೆ ಹೊರಡುತ್ತಾಳೆ ಅಂತ ನನಗೆ ಖಾತ್ರಿಯಾಗಿತ್ತು. ತೋಳು ನೋಯತೊಡಗಿತು. ಖರೇ ಹೇಳುತ್ತೇನೆ, ಭಾರ ಇತ್ತು.

ಎಷ್ಟು ಹೊತ್ತೋ. ಅವಳ ಕೆನ್ನೆಗೆ ಬಣ್ಣ ಬಂತು. ಕೈ ನಡುಗುವುದು ನಿಂತಿತು. ಸೆರಗಿನಿಂದ ಬಾಯಿ ಒರೆಸಿಕೊಂಡು ಸುತ್ತ ನೋಡಿದಳು: ಹಳಿ, ದಿಬ್ಬ, ತೊಯ್ದ ಗಂಡಸರು. ಕಡೆಗೆ ನನ್ನನ್ನು ನೋಡಿದಳು. ಕಣ್ಣೊಳಗೆ ಈಗ ಅವಳಿದ್ದಳು.

"ಸವೀ, ತಲಿ ಯಾಕ ಹಿಡ್ಕೊಂಡ ನಿಂತೀ? ತಲಿ ನೋಯಾಕತ್ತೈತೇನವಾ?"

ಕೈ ಇಳಿಸಬೇಕು ಅಂದುಕೊಂಡೆ, ಕೈ ಬರಲಿಲ್ಲ. ಅವಳು ತಿರುಗಿ ಬಂದಿದ್ದಾಳೆ, ಇನ್ನು ಹೆದರಬೇಕಾಗಿಲ್ಲ, ಎಲ್ಲ ತಿಳಿಯುತ್ತಿತ್ತು. ಆದರೂ ಅದನ್ನು ಹಾಗೆ ಕೆಳಗೆ ಬಿಡಲು ನನ್ನಿಂದಾಗಲಿಲ್ಲ.

ಮಾರುತಿ ಕಾಕಾ ಅತ್ತಿಗೆ ಕಾಣದಂತೆ ನನ್ನ ಹಿಂದೆ ಬಂದು ನಿಂತರು. ಕೊರಳಿನ ಮೃದಂಗ ಬದಿಗೆ ಸರಿಸಿಕೊಂಡು, ಕಿವಿಯ ಹತ್ತಿರ ಮೆಲ್ಲಗೆ ಅಂದರು:

"ಗಂಡಸ್ರು ಹೊರೂದಿಲ್ಲ ಇದನ್ನ. ಇವತ್ತ ನಡೀತೈತಿ. ಕೊಡವಾ ಇಲ್ಲೆ."